ಮೊಣಕಾಲಿನ ನೆಪ, ಹಿತ್ತಲಿಗೆ ಬೀಗ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವ ಭಾಗದಲ್ಲಿ, ಉಮದಿ, ಸಂಖ, ಮಾಡಗ್ಯಾಳದ ಕಡೆ, ಐವತ್ತು ದಾಟಿದ ಹೆಣ್ಣುಮಗಳು ಮೊಣಕಾಲು ನೋವೆಂದು ಬಾಯಿ ಬಿಟ್ಟರೆ ಸಾಕು, ಮನೆಯಲ್ಲಿ ತೀರ್ಪು ತಯಾರಿರುತ್ತದೆ. "ಯವ್ವಾ, ಆ ಹಿತ್ತಲ ಬಿಡು ಇನ್ನ. ಎಷ್ಟಂತ ಬಗ್ಗತಿ? ಸಂತ್ಯಾಗ ಹತ್ತು ರೂಪಾಯಿಗೆ ಪಲ್ಯೆ ಸಿಗತದ." ಹೇಳುವವನು ಮಗ. ಅವನಿಗೆ ದನಿಗೂಡಿಸಲು ಅಳಿಯ, ಪಕ್ಕದ ಮನೆಯ ಕಾಕು. ಮಿರಜಿಗೋ ವಿಜಯಪುರಕ್ಕೋ ಹೋಗಿ ಎಕ್ಸ್‌ರೇ ತೆಗೆಸಿಕೊಂಡು ಬಂದಿದ್ದರೆ ಅದರ ಜೊತೆಗೆ ಡಾಕ್ಟರ ಮಾತೂ ಬಂದಿರುತ್ತದೆ: ಬಗ್ಗಬೇಡಿ, ಕುಕ್ಕರಗಾಲಲ್ಲಿ ಕೂಡಬೇಡಿ, ಭಾರ ಎತ್ತಬೇಡಿ. ಎಲ್ಲರೂ ಕಳಕಳಿಯಿಂದಲೇ ಹೇಳುತ್ತಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಈ ಸಲಹೆ ಹಸಿ ತಪ್ಪು. ಕಳಕಳಿಯ ಮುಸುಕಿನಲ್ಲಿ ಬಂದದ್ದರಿಂದ ಇಷ್ಟು ದಿನ ಯಾರೂ ಇದನ್ನು ಎದುರಿಗೆ ನಿಲ್ಲಿಸಿ ಕೇಳಿಲ್ಲ.

ಬಗ್ಗಬಾರದು ಎಂಬುದು ನಿಯಮವಾದರೆ ಅದು ಮನೆಯ ಎಲ್ಲ ಕೆಲಸಕ್ಕೂ ಅನ್ವಯಿಸಬೇಕು ತಾನೆ? ಅಂಗಳದ ಕಸ ಹೊಡೆಯುವಾಗ ಅವಳು ನಡ ಬಗ್ಗಿಸುತ್ತಾಳೆ. ನಮ್ಮ ಕಸಬರಿಗೆಗೆ ಉದ್ದನೆಯ ಹಿಡಿಕೆ ಇಲ್ಲ. ಒಲೆಯ ಮುಂದೆ ಒಂದು ಕಾಲು ಮಡಚಿ ಕೂತು ಮನೆಮಂದಿಗೆಲ್ಲ ಆಗುವಷ್ಟು ರೊಟ್ಟಿ ಬಡಿಯುತ್ತಾಳೆ. ಬಚ್ಚಲಲ್ಲಿ ಕೂತು ಮುಸುರಿ ಭಾಂಡೆ ತಿಕ್ಕುತ್ತಾಳೆ. ನಳ ಬಿಟ್ಟ ದಿನ ಕೊಡ ಹೊರುತ್ತಾಳೆ. ಎಮ್ಮೆಯ ಸಗಣಿ ಬಳಿದು ಕುಳ್ಳು ತಟ್ಟುತ್ತಾಳೆ. ಇವುಗಳಲ್ಲಿ ಒಂದನ್ನಾದರೂ "ಬಿಡು" ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳಿದರೆ ಆ ಕೆಲಸ ಹೇಳಿದವರ ಹೆಗಲಿಗೇ ಬೀಳುತ್ತದೆ. ಹಿತ್ತಲು ಬಿಡಿಸಿದರೆ ಯಾರ ಹೆಗಲಿಗೂ ಏನೂ ಬೀಳುವುದಿಲ್ಲ. ನಾಲ್ಕು ಗಿಡ ಒಣಗುತ್ತವೆ, ಅಷ್ಟೆ. ಹೀಗಾಗಿ ಇಡೀ ದಿನದ ದುಡಿಮೆಯಲ್ಲಿ ಅವಳು ತನ್ನ ಮನಸ್ಸಿನಂತೆ ಮಾಡುವ ಒಂದೇ ಒಂದು ಕೆಲಸವನ್ನು ಹುಡುಕಿ ತೆಗೆದು, ಅದನ್ನು ಕಸಿದುಕೊಂಡು, ವಿಶ್ರಾಂತಿ ಕೊಟ್ಟೆವೆಂದು ಬೀಗುತ್ತೇವೆ.

ಸುಗ್ಗಿ ಬಂದಾಗ ಈ ಕರುಣೆಯ ಬಣ್ಣ ಬಯಲಾಗುತ್ತದೆ. ಹಿಂಗಾರಿ ಜೋಳ ಕೀಳುವ ಹೊತ್ತಿಗೆ ಆಳು ಸಿಗುವುದಿಲ್ಲ. ದಾಳಿಂಬೆ, ದ್ರಾಕ್ಷಿ ತೋಟಗಳಲ್ಲಿ ಹೆಚ್ಚಿನ ಪಗಾರ ಸಿಗುವಾಗ ಜೋಳದ ಹೊಲಕ್ಕೆ ಯಾರು ಬಂದಾರು? ಆಗ ಅದೇ ಮಗ, "ಯವ್ವಾ, ಒಂದ ಸೂಜಿ ಮಾಡಿಸ್ಕೊಂಡ ಬಾ, ನಾಕ ದಿನದ ಮಾತು" ಅನ್ನುತ್ತಾನೆ. ಡೈಕ್ಲೋಫೆನಾಕ್ ಚುಚ್ಚಿಸಿಕೊಂಡರೆ ನೋವು ತಗ್ಗುತ್ತದೆ ನಿಜ, ನೋವಿಗೆ ಕಾರಣವಾದದ್ದು ಮಾತ್ರ ಹಾಗೇ ಇರುತ್ತದೆ. ಪದೇ ಪದೇ ತೆಗೆದುಕೊಂಡರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು. ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿಯುವ ಮೈಗೆ ಈ ಅಪಾಯ ಇನ್ನೂ ಜಾಸ್ತಿ. ಇದೇ ಔಷಧವನ್ನು ದನಗಳಿಗೆ ಕೊಟ್ಟಿದ್ದರಿಂದ, ಆ ದನಗಳ ಹೆಣ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸತ್ತು ದೇಶದಲ್ಲಿ ಅವುಗಳ ಸಂತತಿಯೇ ಅಳಿವಿನ ಅಂಚಿಗೆ ಬಂತು. 2006ರಲ್ಲಿ ಭಾರತ ಸರಕಾರ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು. ಹದ್ದಿನ ಮೈ ಬೇರೆ, ಮನುಷ್ಯರ ಮೈ ಬೇರೆ. ಡಾಕ್ಟರು ಅಳತೆ ನೋಡಿ ಕೊಟ್ಟರೆ ಮನುಷ್ಯರಿಗೆ ಅದು ಉಪಯೋಗದ ಔಷಧವೇ. ನನ್ನ ತಕರಾರು ಔಷಧದ ಮೇಲಲ್ಲ. ಜೋಳದ ಸಾಲಿಗೆ ಸೂಜಿ, ಮೆಂತ್ಯೆಯ ಮಡಿಗೆ ವಿಶ್ರಾಂತಿ ಎಂಬ ಈ ಹಂಚಿಕೆಯನ್ನು ಮೊಣಕಾಲು ನೋಡಿ ಮಾಡಿದ್ದೆಂದು ಮಾತ್ರ ಹೇಳಬೇಡಿ.

ವಿಶ್ರಾಂತಿಯ ಮಾತಿಗೇ ಬರೋಣ. ನೋಯುವ ಮೈಯನ್ನು ಅಲುಗಾಡಿಸಬಾರದೆಂಬ ನಂಬಿಕೆ ನಮ್ಮ ಹಳ್ಳಿಗಳದಷ್ಟೇ ಅಲ್ಲ, ಒಂದು ಕಾಲಕ್ಕೆ ವೈದ್ಯರದೂ ಆಗಿತ್ತು. ಟೊಂಕ ಹಿಡಿದವರನ್ನು ವಾರಗಟ್ಟಲೆ ಹಲಗೆಯ ಮೇಲೆ ಮಲಗಿಸುತ್ತಿದ್ದರು. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೋ ಮತ್ತು ಸಂಗಡಿಗರು ಟೊಂಕನೋವಿನವರಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಲು ಹೇಳಿ ಹೋಲಿಸಿ ನೋಡಿದರು. ಹೆಚ್ಚು ದಿನ ಮಲಗಿದ್ದರಿಂದ ನೋವೇನೂ ಬೇಗ ಹೋಗಲಿಲ್ಲ. ಕೆಲಸ ತಪ್ಪಿದ ದಿನಗಳು ಮಾತ್ರ ಹೆಚ್ಚಾದವು. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಒಂದು ಗುಂಪಿಗೆ ಮಲಗಲು ಹೇಳಿದರು, ಒಂದಕ್ಕೆ ವ್ಯಾಯಾಮ ಕಲಿಸಿದರು, ಮೂರನೆಯದಕ್ಕೆ ನೋವು ತಡೆದುಕೊಳ್ಳುವ ಮಟ್ಟಿಗೆ ಎಂದಿನ ಕೆಲಸ ಮಾಡಿಕೊಂಡಿರಿ ಎಂದರು. ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಎಂದಿನ ಕೆಲಸದವರು. ಎಲ್ಲರಿಗಿಂತ ಹಿಂದೆ ಬಿದ್ದವರು ಮಲಗಿದವರು. 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಟೊಂಕನೋವಿನ ಮೇಲೆ ಲೇಖನಮಾಲೆಯನ್ನೇ ಪ್ರಕಟಿಸಿ, ಓಡಾಡಿಕೊಂಡಿರುವುದೇ ಮೊದಲ ಚಿಕಿತ್ಸೆ ಎಂದಿತು. ಮೊಣಕಾಲಿನ ಸವೆತಕ್ಕೂ ಇದೇ ಮಾತು. ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅವರವರ ಮೈಗೆ ಹೊಂದುವ ವ್ಯಾಯಾಮವೇ ಚಿಕಿತ್ಸೆಯ ಬುಡ. ಮೊದಮೊದಲು ನೋವು ತುಸು ಹೆಚ್ಚಬಹುದು, ಆದರೂ ಬಿಡದೆ ಮಾಡಿದರೆ ಗುಣ ಕಾಣುತ್ತದೆ ಎಂದು ರೋಗಿಗೆ ಮೊದಲೇ ತಿಳಿಸಬೇಕೆಂದೂ ಅದರಲ್ಲಿದೆ.

ಕಾರಣ ಸರಳ. ಮೊಣಕಾಲಿನ ಎಲುಬಿನ ತುದಿಗಿರುವ ಮೆತ್ತನೆಯ ಪದರಕ್ಕೆ ರಕ್ತನಾಳಗಳಿಲ್ಲ. ಭಾರ ಬಿದ್ದು ಇಳಿದಾಗ, ಕಾಲು ಮಡಚಿ ಚಾಚಿದಾಗ ಕೀಲಿನೊಳಗಿನ ದ್ರವ ಅದರೊಳಕ್ಕೆ ಹೋಗಿ ಬರುತ್ತದೆ, ಅದೇ ಅದರ ಊಟ. ಅಲುಗಾಡದ ಮೊಣಕಾಲು ಉಪವಾಸ ಬೀಳುತ್ತದೆ. ಕೂತಲ್ಲೇ ಕೂತರೆ ತೊಡೆಯ ಸ್ನಾಯುಗಳೂ ಸೊರಗುತ್ತವೆ, ಆಗ ಅವು ಹೊರಬೇಕಾದ ಭಾರವೂ ಕೀಲಿನ ಮೇಲೆಯೇ. ಹಿತ್ತಲು ಬಿಟ್ಟು ಕಟ್ಟೆಯ ಮೇಲೆ ಕೂತವಳಿಗೆ ವರ್ಷದೊಳಗೆ ಗುಡ್ಡಾಪುರದ ದಾನಮ್ಮನ ಗುಡಿಯ ಮೆಟ್ಟಿಲೂ ಹತ್ತಲಾಗದಿದ್ದರೆ ಅದನ್ನು ವಯಸ್ಸಿನ ಖಾತೆಗೆ ಬರೆಯುತ್ತೇವೆ, ನಮ್ಮ ಸಲಹೆಯ ಖಾತೆಗಲ್ಲ.

ಹಾಗಾದರೆ ಡಾಕ್ಟರು ಸುಳ್ಳು ಹೇಳಿದರೇ? ಇಲ್ಲ. ಕುಕ್ಕರಗಾಲಲ್ಲಿ ಬಹಳ ಹೊತ್ತು ಕೂಡುವುದು, ಭಾರ ಹೊರುವುದು ಸವೆದ ಮೊಣಕಾಲಿಗೆ ಕೆಟ್ಟದ್ದೇ. ಅವರು ಹೇಳಿದ್ದು ಹೇಗೆ ಕೂಡಬಾರದು ಎಂದು. ಮನೆಗೆ ಬರುವಷ್ಟರಲ್ಲಿ ಅದು ಎಲ್ಲಿಗೆ ಹೋಗಬಾರದು ಎಂದಾಯಿತು. ಐದು ನಿಮಿಷದ ತಪಾಸಣೆಯಲ್ಲಿ ಹಿತ್ತಲು ಹೇಗಿದೆ, ನೀರು ಎಲ್ಲಿಂದ ಬರುತ್ತದೆ ಎಂದು ಕೇಳಲು ಅವರಿಗೆ ಪುರಸೊತ್ತಿರಲಿಲ್ಲ. ಕೇಳಬೇಕಾಗಿದ್ದವರು ಜೊತೆಗೆ ಹೋದ ನಾವು.

ಆ ಮೊಣಕಾಲನ್ನು ಸವೆಸಿದ್ದಾದರೂ ಯಾವುದು? ಮೆಂತ್ಯೆಯ ಮಡಿಯಂತೂ ಅಲ್ಲ. ಜತ್ತದ ಹೆಣ್ಣುಮಗಳ ಟೊಂಕ ಮತ್ತು ಮೊಣಕಾಲಿನ ಇತಿಹಾಸ ಬರೆದರೆ ಅದು ನೀರಿನ ಇತಿಹಾಸವೇ ಆಗುತ್ತದೆ. ಮಳೆ ಕೈಕೊಟ್ಟ ವರ್ಷ ಟೋಳಿ ಕಟ್ಟಿಕೊಂಡು ಪಶ್ಚಿಮದ ಕಾರಖಾನೆಗಳ ಕಡೆ ಕಬ್ಬು ಕಡಿಯಲು ಹೋಗಿ, ಕಬ್ಬಿನ ಹೊರೆ ತಲೆಯ ಮೇಲಿಟ್ಟು ಹಲಗೆ ಹತ್ತಿ ಟ್ರ್ಯಾಕ್ಟರಿಗೆ ಏರಿಸಿದವಳು ಅವಳು. ಊರಲ್ಲೇ ಉಳಿದ ವರ್ಷಗಳಲ್ಲಿ ಟ್ಯಾಂಕರ ಹಿಂದೆ ಕೊಡ ಹಿಡಿದು ಓಡಿದವಳು. ಮ್ಹೈಸಾಳದ ಏತ ನೀರಾವರಿ ಬರುತ್ತದೆ ಬರುತ್ತದೆ ಎಂದು ಕಾಯುವುದರಲ್ಲೇ ಒಂದು ತಲೆಮಾರಿನ ಹೆಂಗಸರ ಪ್ರಾಯ ಕಳೆಯಿತು. 2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋಯಿತು, ದೇಶವೇ ಬೆರಗಾಗಿ ನೋಡಿತು. ಮಿರಜ ನಮ್ಮ ಸಾಂಗಲಿ ಜಿಲ್ಲೆಯದೇ. ಲಾತೂರಿನವರ ಬಾಯಾರಿಕೆ ಸುಳ್ಳಲ್ಲ, ಅವರಿಗೆ ಕೊಟ್ಟದ್ದು ಸರಿಯೇ. ಅದೇ ಬೇಸಗೆಯಲ್ಲಿ ಅದೇ ಜಿಲ್ಲೆಯ ಜತ್ತದಲ್ಲಿ ಟ್ಯಾಂಕರು ಓಡಾಡುತ್ತಿದ್ದವು ಎಂಬುದನ್ನಷ್ಟೇ ನೆನಪಿಸುತ್ತಿದ್ದೇನೆ. 2022ರ ನವೆಂಬರ್‌ನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ, ಕರ್ನಾಟಕಕ್ಕೆ ಸೇರುತ್ತೇವೆಂದು ಜತ್ತದ 40 ಹಳ್ಳಿಗಳು ಹಿಂದೆ ಮಾಡಿದ್ದ ಠರಾವಿನ ಮಾತೆತ್ತಿದಾಗ ಎರಡೂ ರಾಜ್ಯಗಳ ಟಿವಿಯಲ್ಲಿ ನಕಾಶೆಗಳು ಹಾರಾಡಿದವು. ಆ ಠರಾವಿನ ಬೇರು ನೀರಿನಲ್ಲಿತ್ತು. ಅಷ್ಟೂ ಗದ್ದಲದಲ್ಲಿ ಕೊಡ ಹೊತ್ತವಳ ಟೊಂಕದ ಸುದ್ದಿ ಮಾತ್ರ ನನ್ನ ಕಿವಿಗೆ ಬೀಳಲಿಲ್ಲ.

ಇಲ್ಲಿ ಎದುರಾಳಿಯ ಗಟ್ಟಿ ಪ್ರಶ್ನೆ ಬರುತ್ತದೆ: ಹಿತ್ತಲಿಗೂ ನೀರು ಹೊರಬೇಕಲ್ಲ? ಲೆಕ್ಕ ಹಾಕಿ ನೋಡೋಣ. ಹತ್ತು ಫೂಟು ಉದ್ದ, ಹತ್ತು ಫೂಟು ಅಗಲದ ಕಾಯಿಪಲ್ಯೆಯ ಮಡಿ ಅಂದರೆ ಸುಮಾರು 9 ಚದರ ಮೀಟರು. ಬೇಸಗೆಯಲ್ಲಿ ಮಣ್ಣು ಮತ್ತು ಎಲೆಗಳಿಂದ ದಿನಕ್ಕೆ 5–6 ಮಿಲಿಮೀಟರು ನೀರು ಆರಿಹೋಗುತ್ತದೆಂದು ಹಿಡಿದರೆ ಅಷ್ಟು ಜಾಗಕ್ಕೆ ದಿನಕ್ಕೆ ಹತ್ತಿರಹತ್ತಿರ 50 ಲೀಟರು ಬೇಕು. ಅಂದರೆ ನಾಲ್ಕು ಕೊಡ, 50 ಕಿಲೋ ಭಾರ. ಇಷ್ಟನ್ನು ಹೊತ್ತು ತಾ ಎಂದು ಮೊಣಕಾಲು ಸವೆದವಳಿಗೆ ಹೇಳುವವನು ಕಟುಕ. ಆದರೆ ಆ ನೀರು ಆಗಲೇ ಮನೆಯೊಳಗಿದೆ. ಐದು ಜನ ದಿನಾ ಒಂದೊಂದು ಬಕೀಟು ನೀರಿನಲ್ಲಿ ಮೈ ತೊಳೆದರೆ 75ರಿಂದ 100 ಲೀಟರು ಬಚ್ಚಲ ಬಾಯಿಯಿಂದ ಹೊರಗೆ ಹೋಗುತ್ತದೆ. ಹಿಂದೆ ಅದು ಹಿತ್ತಲಿಗೇ ಹೋಗುತ್ತಿತ್ತು. ಬಚ್ಚಲ ಬಾಯಿಗೆ ಬಾಳೆ, ಕೆಸುವು ಇಲ್ಲದ ಹಳೆಯ ಮನೆ ಇರಲಿಲ್ಲ. ಓಣಿಗೆ ಸಿಮೆಂಟು ಬಂತು, ಗಟಾರ ಬಂತು, ನಾವು ಮುತುವರ್ಜಿಯಿಂದ ಪೈಪು ಹಾಕಿ ಆ ನೀರನ್ನು ಗಟಾರಕ್ಕೆ ತಿರುಗಿಸಿದೆವು. ಆಮೇಲೆ ಅವ್ವ ಗಿಡಕ್ಕೆ ಕೊಡ ಹೊತ್ತಳು. ಈಗ ಅವ್ವನಿಗೆ ನಡ ನೋವು, ಆದ್ದರಿಂದ ಗಿಡ ಬೇಡ! ತಿರುಗಿಸಿದ ಪೈಪನ್ನು ಮತ್ತೆ ತಿರುಗಿಸಬಹುದೆಂಬುದು ಯಾರಿಗೂ ಹೊಳೆಯುವುದಿಲ್ಲ.

ಬಟ್ಟೆ ಒಗೆದ ಸೋಡಾ ನೀರನ್ನು ಬೇರೆ ಮಾಡಬೇಕು, ಅದು ಮಣ್ಣು ಕೆಡಿಸುತ್ತದೆ. ಮೈ ತೊಳೆದ ನೀರು ಬಾಳೆ, ನುಗ್ಗೆ, ಹೀರೆ ಬಳ್ಳಿಗೆ ನಡೆಯುತ್ತದೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ಅಕ್ಕಿ, ಬೇಳೆ, ಕಾಯಿಪಲ್ಯೆ ತೊಳೆದ ನೀರಷ್ಟೇ ಇರಲಿ. ತೇಲ್ಯಾ ರೋಗ ಬಡಿದು ದಾಳಿಂಬೆ ಕಿತ್ತುಹಾಕಿದ ತೋಟಗಳ ಮೂಲೆಯಲ್ಲಿ ಹಳೆಯ ಡ್ರಿಪ್ ಪೈಪಿನ ಸುರುಳಿಗಳು ಬಿದ್ದಿರುತ್ತವೆ. ನಾಲ್ಕು ಮಾರು ಪೈಪು, ಎತ್ತರದಲ್ಲೊಂದು ಬ್ಯಾರಲ್ಲು ಇದ್ದರೆ ಸೊಪ್ಪಿನ ಮಡಿಗೆ ಕೊಡ ಎತ್ತುವ ಮಾತೇ ಇಲ್ಲ. ಅದೂ ಬೇಡವೆಂದರೆ ಒಂದು ಮಣ್ಣಿನ ಗಡಿಗೆಯನ್ನು ಕುತ್ತಿಗೆ ತನಕ ಹೂಳಿ ನೀರು ತುಂಬಿ ಮುಚ್ಚಿಟ್ಟರೆ ಸುತ್ತಲಿನ ನಾಲ್ಕು ಬಳ್ಳಿಗಳ ಬೇರುಗಳು ತಮಗೆ ಬೇಕಾದಷ್ಟನ್ನೇ ಹೀರಿಕೊಳ್ಳುತ್ತವೆ.

"ಸಂತ್ಯಾಗ ಸಿಗತದ" ಎಂಬ ವಾದಕ್ಕೆ ಹೆಚ್ಚು ಹೊತ್ತು ಬೇಡ. ಸಂತೆ ವಾರಕ್ಕೊಮ್ಮೆ. ತಂದ ಸೊಪ್ಪು ಮೂರನೆಯ ದಿನಕ್ಕೆ ಬಾಡುತ್ತದೆ, ಉಳಿದ ನಾಲ್ಕು ದಿನ ಬೇಳೆ, ಹಿಂಡಿ, ಮತ್ತೆ ಬೇಳೆ. ರೊಟ್ಟಿಯ ಮಗ್ಗುಲಿಗೆ ಹಸಿಯಾಗಿ ಇಟ್ಟುಕೊಳ್ಳುವ ಹತ್ತರಕಿ ಆಗತಾನೇ ಕಿತ್ತದ್ದಿರಬೇಕು, ಟೆಂಪೋದಲ್ಲಿ ಬಂದದ್ದಕ್ಕೆ ಆ ರುಚಿ ಇಲ್ಲ. ಹಾಗೆಂದು ರೊಕ್ಕದ ಲೆಕ್ಕದಲ್ಲಿ ಹಿತ್ತಲು ಗೆದ್ದೇ ಗೆಲ್ಲುತ್ತದೆಂದು ನಾನು ವಾದಿಸಲಾರೆ. ಕೆಲವು ವರ್ಷ ಗೆಲ್ಲುತ್ತದೆ, ಬರದ ವರ್ಷ ಸೋಲುತ್ತದೆ. ಅದನ್ನು ಬರೀ ಪಲ್ಯೆಯ ದರದಲ್ಲಿ ತೂಗುವುದೇ ನನಗೆ ಒಪ್ಪಿಗೆಯಿಲ್ಲ.

ಯಾಕೆಂದರೆ ಹೊಲದ ಸಾತಬಾರಾ ಉತಾರೆಯಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಗಂಡನದು ಅಥವಾ ಮಗನದು. ಏನು ಬಿತ್ತಬೇಕು, ಯಾವ ಅಂಗಡಿಯ ಗೊಬ್ಬರ, ಯಾವ ಬ್ಯಾಂಕಿನ ಸಾಲ, ಇವ್ಯಾವನ್ನೂ ಅವಳನ್ನು ಕೇಳಿ ಮಾಡುವುದಿಲ್ಲ. ಅವಳು ಹೇಳಿದ್ದೇ ನಡೆಯುವ ಭೂಮಿ ಊರಲ್ಲಿ ಒಂದೇ ಒಂದಿದೆ, ಅದು ಬಚ್ಚಲ ಹಿಂದಿನ ಆ ಹತ್ತು ಹೆಜ್ಜೆ ಜಾಗ. ಅವರೆ ಬೀಜವನ್ನು ಬೂದಿಯಲ್ಲಿ ಕಲಸಿ ಗಡಿಗೆಯಲ್ಲಿಟ್ಟು ಮುಂದಿನ ವರ್ಷಕ್ಕೆ ಕಾಯುವವಳು ಅವಳು, ಒಂದು ಮುಷ್ಟಿ ಬೀಜ ಯಾವ ಬೀಗಿತ್ತಿಗೆ ಕೊಡಬೇಕೆಂದು ತೀರ್ಮಾನಿಸುವವಳೂ ಅವಳೇ. ಹೊಸ ಸೊಸೆಯ ಜೊತೆ ಜಗಳವಿಲ್ಲದೆ ಮಾತಾಡುವ ಜಾಗವೂ ಎಷ್ಟೋ ಮನೆಗಳಲ್ಲಿ ಅದೇ. ಅಡುಗೆಮನೆಯಲ್ಲಿ ಇಬ್ಬರಿಗೂ ಜಾಗ ಸಾಲುವುದಿಲ್ಲ. ಮಗ ಅದನ್ನೂ ಬಿಡು ಎಂದರೆ ಅವಳ ಪಾಲಿಗೆ ಉಳಿಯುವುದು ಕಟ್ಟೆ, ಮಾತ್ರೆ ಮತ್ತು ಎಲ್ಲರ ಊಟವಾದ ಮೇಲಿನ ತಾಟು. ಇಡೀ ದಿನ ಗಮನ ಕೊಡಲು ಬೇರೇನೂ ಇಲ್ಲದಾಗ ನೋವು ಒಂದಕ್ಕೆ ನಾಲ್ಕಾಗಿ ಕಾಣುತ್ತದೆ. ಅದನ್ನು ಮನಸ್ಸಿನ ಭ್ರಮೆ ಎಂದು ತಳ್ಳಿಹಾಕಬೇಡಿ. ನೋವನ್ನು ಅಳೆಯುವುದು ಮೆದುಳು; ಅದಕ್ಕೆ ಬೇರೆ ಕೆಲಸ ಕೊಟ್ಟಾಗ ಅಳತೆ ತಗ್ಗುತ್ತದೆಂಬುದನ್ನು ಈಗಿನ ವೈದ್ಯರೂ ಒಪ್ಪುತ್ತಾರೆ.

ಇಷ್ಟು ಹೇಳಿದೊಡನೆ ಇನ್ನೊಂದು ಬಣ ಚಪ್ಪಾಳೆ ತಟ್ಟಿಕೊಂಡು ಬರುತ್ತದೆ: ಸರಿಯಾಗಿ ಹೇಳಿದಿರಿ, ದುಡಿಮೆಯೇ ಔಷಧ, ನಮ್ಮ ಅಜ್ಜಿಯರು ಸಾಯುವ ತನಕ ದುಡಿದರು, ಅವರಿಗೆ ಮೊಣಕಾಲು ನೋವೇ ಇರಲಿಲ್ಲ! ಇತ್ತು ಸ್ವಾಮಿ. ಹೇಳಿಕೊಳ್ಳಲು ಕೇಳುವವರಿರಲಿಲ್ಲ. ಮಣ್ಣು ಮುಟ್ಟಿದರೆ ಸಾಕು ಎಲ್ಲ ವಾಸಿಯಾಗುತ್ತದೆಂಬ ಈ ಭಜನೆಗೆ ನಾನು ತಾಳ ಹಾಕುವವನಲ್ಲ. ಕಾಲು ಜೋಮು ಹಿಡಿದು ಪಾದ ಎತ್ತಲಾಗದಿದ್ದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ, ಕೀಲು ಕೆಂಪಾಗಿ ಬಾತು ಜ್ವರ ಬಂದರೆ, ರಾತ್ರಿ ನಿದ್ದೆ ಕೆಡಿಸುವ ನೋವಿನ ಜೊತೆ ತೂಕ ಇಳಿಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಂಥ ಹೊತ್ತಿನಲ್ಲಿ ಕಳೆ ಕೀಳುತ್ತ ಕೂಡುವುದು ಮೂರ್ಖತನ. ಬಚತ ಗಟಗಳ (ಸ್ವಸಹಾಯ ಗುಂಪುಗಳ) ಸಭೆಯಲ್ಲಿ ಪೋಷಣ ಪರಸಬಾಗದ (ಪೌಷ್ಟಿಕ ಕೈತೋಟದ) ಬಗ್ಗೆ ಉತ್ಸಾಹದಿಂದ ಮಾತಾಡುವವರಿಗೂ ಒಂದು ಮಾತಿದೆ. ಬೀಜದ ಪೊಟ್ಟಣ ಹಂಚುತ್ತೀರಿ, ಒಳ್ಳೆಯದು. ಆದರೆ ನೆಲಕ್ಕಂಟಿದ ಮಡಿಯನ್ನೇ ತೋರಿಸುತ್ತೀರಿ. ಆ ಮಡಿ ಇಪ್ಪತ್ತೈದರ ಮೊಣಕಾಲಿಗೆ ಮಾಡಿದ್ದು. ಖರ್ಚಿಲ್ಲದ ತೋಟ ಎನ್ನುವಾಗ ಖರ್ಚನ್ನು ಯಾರ ಮೈಯಿಂದ ವಸೂಲಿ ಮಾಡುತ್ತಿದ್ದೀರೆಂದು ಒಮ್ಮೆ ಯೋಚಿಸಿ.

ಬಿಡು ಎನ್ನುವವರೂ ದುಡಿ ಎನ್ನುವವರೂ ಹಿತ್ತಲನ್ನು ಇದ್ದಂತೆಯೇ ಇಟ್ಟುಕೊಂಡು ಹೆಂಗಸನ್ನು ಅತ್ತಲೋ ಇತ್ತಲೋ ತಳ್ಳುತ್ತಾರೆ. ಬದಲಾಗಬೇಕಾದದ್ದು ಹಿತ್ತಲು. ಸಂಖದ ಹತ್ತಿರದ ಒಂದು ಮನೆಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಬಿದ್ದ ಗೋಡೆಯ ಕಲ್ಲುಗಳನ್ನೇ ಒಟ್ಟಿ ಮೊಣಕಾಲೆತ್ತರಕ್ಕಿಂತ ತುಸು ಮೇಲೆ ಬರುವಂತೆ ಎರಡು ಕಟ್ಟೆ ಕಟ್ಟಿದ್ದಾರೆ. ಅಗಲ ಮೂರು ಫೂಟು, ಎರಡೂ ಕಡೆಯಿಂದ ನಡುಮಧ್ಯಕ್ಕೆ ಕೈ ಮುಟ್ಟುತ್ತದೆ. ಒಳಗೆ ತಳಕ್ಕೆ ಗರಸು, ಮೇಲೆ ಕೆರೆಯ ಮಣ್ಣು, ಕುರಿಗೊಬ್ಬರ. ಮಾಡಗ್ಯಾಳ ಕುರಿಗಳ ಸೀಮೆಯಲ್ಲಿ ಗೊಬ್ಬರಕ್ಕೇನು ಬರ? ಆ ಮನೆಯ ಆಯಿ, ಎಣ್ಣೆಯ ಹಳೆಯ ಡಬ್ಬಿಯೊಂದನ್ನು ಬೋರಲು ಹಾಕಿ, ಮೇಲೊಂದು ಗೋಣಿಚೀಲ ಮಡಚಿಟ್ಟು ಕೂಡುತ್ತಾಳೆ. ಎಡಗೈಯನ್ನು ಕಟ್ಟೆಯ ಅಂಚಿಗೆ ಊರಿ ಬಲಗೈಯಲ್ಲಿ ಖುರಪಿ ಆಡಿಸುತ್ತಾಳೆ. ಖುರಪಿಯ ಹಿಡಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದೆ, ಬೆರಳಿನ ಗಂಟುಗಳು ನೋಯುವಾಗ ಹಿಡಿ ದಪ್ಪವಿದ್ದಷ್ಟೂ ಕಡಿಮೆ ಬಿಗಿ ಸಾಕಾಗುತ್ತದೆ. ಹೀರೆ ಮತ್ತು ಅವರೆಯನ್ನು ಹಂದರಕ್ಕೆ ಹಬ್ಬಿಸಿದ್ದಾರೆ, ಕಾಯಿ ನಿಂತೇ ಕೊಯ್ಯಬಹುದು. ಪುಂಡಿ, ರಾಜಗಿರಿ ಕಟ್ಟೆಯ ಮೇಲೆ. ಗೆಣಸು, ಉಳ್ಳಾಗಡ್ಡಿ ಎಂದು ಅಗೆಯುವ ಬೆಳೆ ಯಾವುದೂ ಇಲ್ಲ. ಒಲೆಯ ಮೇಲೆ ಅನ್ನಕ್ಕಿಟ್ಟು ಬರುತ್ತಾಳೆ, ಅದು ಬೇಯುವ ಹೊತ್ತಿಗೆ ಏಳುತ್ತಾಳೆ. ನೋವು ಬಂದಾಗ ಏಳುವುದಲ್ಲ, ಬರುವ ಮೊದಲೇ ಏಳುವುದು. ಒಳ್ಳೆಯ ದಿನವೆಂದು ಹುರುಪಿನಲ್ಲಿ ಎರಡು ತಾಸು ಮಾಡಿ ಮರುದಿನ ಮಲಗುವುದಕ್ಕಿಂತ ದಿನಾ ಒಂದಿಷ್ಟು ಮಾಡುವುದು ಲೇಸೆಂದು ಅವಳಿಗೆ ಯಾವ ಫಿಜಿಯೋಥೆರಪಿಸ್ಟೂ ಹೇಳಿಕೊಟ್ಟಿಲ್ಲ. ನೋವು ಹೋಯಿತೇ ಎಂದು ಕೇಳಿದರೆ ನಕ್ಕಳು. "ಎಲ್ಲಿ ಹೊಕ್ಕದ? ಅದು ಅದರ ಪಾಡಿಗೆ ಐತಿ, ನಾ ನನ್ನ ಪಾಡಿಗೆ."

ಕಟ್ಟೆ ಕಟ್ಟಲು ಪುರಸೊತ್ತೆಲ್ಲಿ, ರೊಕ್ಕವೆಲ್ಲಿ ಎಂದು ಮಗ ಕೇಳುತ್ತಾನೆ. ಕಲ್ಲು ಊರ ಸುತ್ತ ಬಿದ್ದಿದೆ, ಮಣ್ಣು ಕೆರೆಯಲ್ಲಿದೆ, ಪೈಪು ತೋಟದ ಮೂಲೆಯಲ್ಲಿದೆ. ಸೂಜಿಗೆಂದು ವರ್ಷಕ್ಕೆ ಎಷ್ಟು ಸಲ ಮೋಟಾರ್ ಸೈಕಲ್ ತೆಗೆದೆ, ಎಷ್ಟು ಪೆಟ್ರೋಲು ಸುಟ್ಟೆ ಎಂದು ಅವನೇ ಲೆಕ್ಕ ಹಾಕಿಕೊಳ್ಳಲಿ. ಎರಡು ದಿನದ ಕೆಲಸ, ಇಬ್ಬರು ಗಂಡಸರು ಸಾಕು. ಅದೇ ಕೈಯಲ್ಲಿ ಒಲೆಯನ್ನೂ ಒಂದು ಕಟ್ಟೆಯ ಮೇಲೆ ಏರಿಸಿ, ಕಸಬರಿಗೆಗೆ ಬಿದಿರಿನ ಕೋಲು ಕಟ್ಟಿಕೊಟ್ಟರೆ ಡಾಕ್ಟರ ಮಾತನ್ನು ಪೂರ್ತಿ ಪಾಲಿಸಿದಂತೆಯೂ ಆಯಿತು. ರೋಹಿಣಿ ಮಳೆಗೆ ಮೊದಲು ಮುಗಿಸಿದರೆ ಮಣ್ಣು ಕೂತುಕೊಳ್ಳಲು ಸಮಯ ಸಿಗುತ್ತದೆ. ಕಟ್ಟೆ ಎಷ್ಟು ಎತ್ತರವಿರಬೇಕೆಂದು ಗವಂಡಿಯನ್ನು ಕೇಳಲು ಹೋಗಬೇಡಿ. ಅವ್ವನನ್ನು ಅವಳಿಗೆ ಒಗ್ಗುವ ಡಬ್ಬಿಯ ಮೇಲೋ ಸ್ಟೂಲಿನ ಮೇಲೋ ಗೋಡೆಯ ಪಕ್ಕ ಕೂಡಿಸಿ, ಕೈ ಮಡಚಿದಾಗ ಮೊಣಕೈ ಎಲ್ಲಿಗೆ ಬರುತ್ತದೆ ನೋಡಿ, ಅದಕ್ಕಿಂತ ಒಂದು ಗೇಣು ಕೆಳಗೆ ಇದ್ದಿಲಿನಿಂದ ಗೀಟು ಎಳೆಯಿರಿ.